ಕಂಬಳಿ ಹೊದ್ದ ಮಂತ್ರಿ ಮತ್ತು ಎಣ್ಣೆ ಬುಗ್ಗೆ

ಯಾವ ಕಾಲವೋ, ಯಾವ ಸೀಮೆಯೋ, ಒಂದೂರಂತೆ. ಆ ಊರಲ್ಲಿ ಮಾಳಜ್ಜಿ ಅಂತ ಒಬ್ಬ ಮುದುಕಿ. ಅವಳ ಹಿತ್ತಲಲ್ಲಿ ಒಂದಿನ ನೆಲ ಬಿರಿದು ಬುಳಬುಳ ಅಂತ ದೀಪದೆಣ್ಣೆ ಉಕ್ಕಿತಂತೆ.

ರಾಜ ಓಡಿಬಂದ. ಡಂಗುರ ಹೊಡೆಸಿದ. "ಈ ಎಣ್ಣೆ ಇಡೀ ನಾಡಿನದು. ಅರಮನೆಗೆ ಅರ್ಧ, ಊರಿಗೆ ಅರ್ಧ!" ಜನ ಕುಣಿದಾಡಿದರು. ಆದರೆ ರಾಜ ಮಹಾ ಜಿಪುಣ. ಊರಿನ ಪಾಲು ಹಂಚೋರಿಗೆ ಸಂಬಳ ಕೊಡಬೇಕಲ್ಲ ಅಂತ ಅವನಿಗೆ ಸಂಕಟ. "ಸಂಬಳ ಇಲ್ಲ, ಮುಟ್ಟಿದವನ ಮೈಗೆ ಅಂಟಿದ್ದು ಅವನದ್ದೇ" ಅಂದುಬಿಟ್ಟ.

ಮಾರನೇ ದಿನ ಕಾವಲುಗಾರ ಊರಿನ ಪಾಲು ತುಂಬಿದ್ದ ಹಂಡೆಗೆ ಬೆರಳು ಅದ್ದಿದ. ಪಾರುಪತ್ತೇಗಾರ ಮೊಣಕೈ ತನಕ ಅದ್ದಿದ. ಆಮೇಲೆ ಮಂತ್ರಿ ಬಂದ ನೋಡಿ, ಸುಡು ಬೇಸಿಗೇಲಿ ಕಂಬಳಿ ಹೊದ್ಕೊಂಡು! ತಳ ಪರೀಕ್ಷೆ ಮಾಡ್ತೀನಿ ಅಂತ ಹಂಡೆಯೊಳಗೇ ಇಳಿದು ಕೂತನಂತೆ, ಪುಣ್ಯಾತ್ಮ. ಮನೆಗೆ ಹೋಗಿ ಕಂಬಳಿ ಹಿಂಡಿಕೊಂಡ. ಊರಿಗೆ ಬಂದದ್ದು ಖಾಲಿ ಹಂಡೆ.

ಮಾಳಜ್ಜಿಯ ಸೊಸೆ ತುಂಬು ಬಸುರಿ. ಹೋದ ಸಲ ಕತ್ತಲೇಲಿ ಹೆರಿಗೆಯಾಗಿ ಕೂಸು ದಕ್ಕಿರಲಿಲ್ಲ. ಈ ಸಲವೂ ಮನೇಲಿ ತೊಟ್ಟು ಎಣ್ಣೆಯಿಲ್ಲ. ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಅರಮನೆಗೆ ಹೋದಳು.

"ಬುದ್ಧಿ, ಅರಮನೆ ಪಾಲನ್ನ ಊರೋರು ನಾವೇ ಹೊತ್ತು ತರ್ತೀವಿ. ಕೂಲಿ ಬೇಡ. ಅದೇ ಕಟ್ಟಳೆ ಸಾಕು."

ಪುಕ್ಕಟೆ ಅಂದ ಕೂಡಲೇ ರಾಜ ಹಿಗ್ಗಿ ಹೀರೇಕಾಯಿ ಆದ. "ಆಗಲಿ ಹೋಗಜ್ಜಿ!"

ತಗೋ, ಊರಿಗೆ ಊರೇ ಕಂಬಳಿ ಹೊದ್ದು ಬಂತು! ಗಂಡಸರು ಇಳಿದರು, ಹೆಂಗಸರು ಇಳಿದರು, ಮಕ್ಕಳನ್ನೂ ಅದ್ದಿ ಅದ್ದಿ ತೆಗೆದರಂತೆ. ಅರಮನೆಗೆ ಮುಟ್ಟಿದ್ದು ಒಣಗಿದ ಹಂಡೆ. ದೀಪಗಳೆಲ್ಲ ಆರಿದವು. ರಾಣಿ ಹೊಸ್ತಿಲು ಎಡವಿ ಬಿದ್ದಳು. ರಾಜ ಅಜ್ಜಿಯನ್ನ ಕರೆಸಿ ಗುಡುಗಿದ.

"ಎಲ್ಲೇ ಮುದುಕಿ, ನನ್ನ ಎಣ್ಣೆ?"

"ಅಂಟ್ಕೊಂಡ್ತು ಬುದ್ಧಿ."

"ಅಷ್ಟೂ ಅಂಟುತ್ತೇನೇ? ನಿನ್ನ ತಲೆ ತೆಗೆಸ್ತೀನಿ!"

"ತೆಗೆಸಿ. ನಮ್ಮ ಪಾಲು ಮಂತ್ರಿಗಳ ಮೈಗೆ ಅಂಟಿದಾಗ ತಾವು ಕೇಳಲಿಲ್ಲವಲ್ಲ. ಮೊದಲು ಅವರ ತಲೆ, ಆಮೇಲೆ ನನ್ನದು."

ಮಂತ್ರಿಯ ಮುಖ ಹುಳ್ಳಗಾಯಿತು. ರಾಜ ಮತ್ತೆ ಡಂಗುರದವನನ್ನ ಕರೆಸಿದ. ಅವತ್ತೇ ಕಟ್ಟಳೆ ಬದಲಾಯಿತು. ಎಣ್ಣೆಯನ್ನ ಬುಗ್ಗೆಯ ಬಾಯಲ್ಲೇ, ಊರೋರ ಎದುರಿಗೇ ಅಳೀಬೇಕು. ಹಂಚೋರಿಗೆ ಸಂಬಳ. ಕಂಬಳಿ ಹೊದ್ದೋರು ಆ ಕಡೆ ಸುಳಿಯೋ ಹಾಗಿಲ್ಲ.

ಅಜ್ಜಿಯ ಸೊಸೆ ದೀಪದ ಬೆಳಕಲ್ಲಿ ಹೆಣ್ಣುಮಗು ಹೆತ್ತಳು. ಕೂಸು ಊರಿಗೆಲ್ಲ ಕೇಳೋ ಹಾಗೆ ಅತ್ತಿತಂತೆ. ಮಂತ್ರಿ ಮಾತ್ರ ಆ ಕಂಬಳಿಯನ್ನ ಇನ್ನೂ ಮಡಚಿ ಇಟ್ಕೊಂಡಿದ್ದಾನಂತೆ, ಇನ್ನೆಲ್ಲಾದರೂ ಬುಗ್ಗೆ ಎದ್ದೀತು ಅಂತ.

ಅವರು ಅಲ್ಲಿ ಬೆಳಕಲ್ಲಿ ಉಂಡರು, ನಾವು ಇಲ್ಲಿ ಕತೆ ಕೇಳಿದೆವು. ಏಳಿ, ಕೈ ತೊಳ್ಕೊಂಡು ಊಟಕ್ಕೆ ಬನ್ನಿ.