ಸಂಜೆಯ ದೋಣಿ

"ಗುರುಗಳೇ, ಬರೀ ಮಾತಾಡುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು?"

ಕೇಳಿದವನು ಚೆನ್ನವೀರ. ಯುರೋಪಿನ ಒಂದು ಊರಿನಲ್ಲಿ ಬಸ್ಸು ಓಡಿಸುತ್ತಾನೆ. ರಜೆಗೆ ಬಂದವನು ಮಠಕ್ಕೂ ಬಂದಿದ್ದ. ಯುರೋಪಿನಲ್ಲಿ ಹಲವು ದೇಶಗಳು ಕೂಡಿ ಕಾನೂನು ಮಾಡುವ ಮುನ್ನ ಮಾಲೀಕರು, ಕೆಲಸಗಾರರು, ಜನರ ಸಂಘಟನೆಗಳವರು ಒಂದೆಡೆ ಕೂತು ಅಭಿಪ್ರಾಯ ಹೇಳುವ ಸಭೆಯೊಂದಿದೆ. ಈ ಸಲ ಚಾಲಕರ ಬಿಡುವಿನ ವಿಷಯ ಬರುವುದಿತ್ತು. ಆ ಸಭೆಗೆ ಚಾಲಕರ ಸಂಘ ಇವನ ಹೆಸರು ಸೂಚಿಸಿತ್ತು.

"ಸಭೆಯ ಮಾತನ್ನು ಸರಕಾರಗಳು ಕೇಳಲೇಬೇಕೆಂದಿಲ್ಲವಂತೆ. ಬರುವುದಿಲ್ಲ ಎಂದು ಬರೆದುಬಿಡುತ್ತೇನೆ."

"ಬರೆಯುವೆಯಂತೆ, ಅವಸರವೇನು? ಮೊದಲು ಕೂತುಕೋ" ಎಂದು ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ನದಿ. ಅದರ ದಡಗಳಲ್ಲಿ ಐದಾರು ರಾಜ್ಯಗಳು. ನದಿಯ ಕಟ್ಟಳೆಗಳಿಗೆಲ್ಲ ಒಬ್ಬನೇ ಮಂತ್ರಿ. ಅಲ್ಲೊಬ್ಬ ಅಂಬಿಗನಿದ್ದ. ಅವನ ತಮ್ಮ ಬೆಳಗಿನಿಂದ ಹುಟ್ಟು ಹಾಕಿ ದಣಿದು, ಸಂಜೆಯ ದೋಣಿಯಲ್ಲಿ ತೂಕಡಿಸಿ, ನೀರಿಗೆ ಬಿದ್ದು ಸತ್ತ. ಈಗ ಅದೇ ದೋಣಿಗೆ ಅಂಬಿಗನ ಮಗ ಹೋಗುತ್ತಿದ್ದ. ಸಂಜೆಗೆ ಬೇರೆ ಆಳು ಇರಬೇಕೆಂದು ಕಟ್ಟಳೆ ಮಾಡಿ ಎಂದು ಅಂಬಿಗ ಮಂತ್ರಿಯನ್ನು ಗೋಗರೆದ. ಒಂದೇ ದಡದವರು ಹಾಗೆ ಮಾಡಿದರೆ ಎದುರು ದಡದವರು ಗಿರಾಕಿಗಳನ್ನು ಎಳೆದುಕೊಳ್ಳುತ್ತಾರೆ. ಎಲ್ಲರಿಗೂ ಒಂದೇ ಕಟ್ಟಳೆಯಾಗಬೇಕಿತ್ತು.

ಮಂತ್ರಿ ಮಹಾ ಜಾಣ. ಇಲ್ಲ ಎಂದವನೇ ಅಲ್ಲ. "ನಾನು ಸಿದ್ಧನಪ್ಪಾ, ದೋಣಿಗಳ ಮಾಲೀಕರು ಒಪ್ಪಬೇಕಲ್ಲ" ಎನ್ನುತ್ತಿದ್ದ. ಮಾಲೀಕರು ಬಂದರೆ, ಆಳು ಬದಲಾಗುವ ತನಕ ಪ್ರಯಾಣಿಕರು ಕಾಯುವುದಿಲ್ಲ ಎನ್ನುತ್ತಿದ್ದ. ಪ್ರಯಾಣಿಕರು ಬಂದರೆ, ಸಂಜೆಯ ಹೆಚ್ಚಿನ ಕೂಲಿಯನ್ನು ಅಂಬಿಗರೇ ಬಿಡುವುದಿಲ್ಲ ಎನ್ನುತ್ತಿದ್ದ. ಕಡೆಗೆ ಕಾಟ ತಾಳಲಾರದೆ, "ಮೂರು ಕಡೆಯವರೂ ಒಪ್ಪಿ ಬನ್ನಿ, ಮಾಡೋಣ" ಎಂದ. ಅವರದು ಎಣ್ಣೆ ಸೀಗೇಕಾಯಿ ಸಂಬಂಧ, ಜನ್ಮದಲ್ಲಿ ಒಪ್ಪುವುದಿಲ್ಲ ಎಂಬ ಧೈರ್ಯ ಅವನಿಗೆ!

ಮೂರು ಕಡೆಯವರೂ ಛತ್ರದಲ್ಲಿ ಕೂತರು. ಅಬ್ಬಬ್ಬಾ, ಆ ಜಗಳ! ಮಾಲೀಕನಂತೂ ಎದ್ದೇ ಹೊರಟಿದ್ದ. ಪ್ರಯಾಣಿಕರ ಪರವಾಗಿ ಬಂದಿದ್ದ ಮೊಸರು ಮಾರುವವಳು ಅವನನ್ನು ತಡೆದಳು. "ಅಣ್ಣಾ, ತವರಿಗೆ ಬಂದ ಮಗಳನ್ನು ಮಧ್ಯಾಹ್ನದ ದೋಣಿಯಲ್ಲೇ ಯಾಕೆ ಕಳಿಸುತ್ತೀ? ಸಂಜೆಯದರಲ್ಲಿ ಕಳಿಸು ನೋಡೋಣ."

ಮಾಲೀಕ ಮತ್ತೆ ಕೂತ. ಎರಡನೆಯ ಆಳನ್ನು ಇಡಲು ಒಪ್ಪಿದ. ಅಂಬಿಗರು ಹೆಚ್ಚಿನ ಕೂಲಿಯ ಆಸೆ ಬಿಟ್ಟರು. ಆಳು ಬದಲಾಗುವ ತನಕ ದಡದಲ್ಲಿ ಕಾಯಲು ಮೊಸರಿನವಳು ಗೊಣಗುತ್ತಲೇ ಒಪ್ಪಿದಳು.

ಎಲ್ಲರೂ ಹೋಗಿ ಮಂತ್ರಿಯ ಮುಂದೆ ಒಂದೇ ಮಾತು ಹೇಳಿದರು.

"ಇದು ಬರೀ ಅಭಿಪ್ರಾಯ, ನೆನಪಿರಲಿ" ಎಂದ ಮಂತ್ರಿ.

"ಹೌದು ಸ್ವಾಮಿ, ಬರೀ ಅಭಿಪ್ರಾಯ" ಎಂದ ಅಂಬಿಗ.

ಮಂತ್ರಿ ಮಾಲೀಕನನ್ನು ನೋಡಿದ, ಮೊಸರಿನವಳನ್ನು ನೋಡಿದ. ಬೆರಳು ಮಾಡಿ ತೋರಿಸಲು ಯಾರೂ ಉಳಿದಿರಲಿಲ್ಲ. ಕೆಲವೇ ದಿನಗಳಲ್ಲಿ ಎಲ್ಲ ದಡಗಳಲ್ಲೂ ಹೊಸ ಕಟ್ಟಳೆಯ ಡಂಗುರ ಸಾರಿದರು. ಅಂಬಿಗನ ಮಗ ಅಂದು ಸಂಜೆ ಮನೆಯಲ್ಲಿ ಉಂಡು ಮಲಗಿದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಬಿಡಲಿಲ್ಲ. "ಆದರೂ ಅಧಿಕಾರ ಮಂತ್ರಿಯ ಕೈಯಲ್ಲೇ ಉಳಿಯಿತಲ್ಲ, ಗುರುಗಳೇ?"

"ಅಧಿಕಾರ ಉಳಿಯಿತಪ್ಪಾ, ನೆಪ ಉಳಿಯಲಿಲ್ಲ. ಈಗ ನಿನ್ನ ನೆಪ ಏನಿದೆಯೋ ಬರೆ."