ದಂಡನಾಯಕ ಕಾಜಾಣ ಮತ್ತು ಕಾಗೆಯ ಹಂಚಿಕೆ

ಒಂದು ಕಾಡಿನಲ್ಲಿ, ಕೆರೆಯ ದಂಡೆಯ ಮೇಲೆ, ದೊಡ್ಡದೊಂದು ಗೋಣಿಮರವಿತ್ತು. ಅದರ ತುದಿಯ ಒಣಕೊಂಬೆಯಲ್ಲಿ ಬಿರುಸಣ್ಣ ಎಂಬ ಕಾಜಾಣ ಕೂತಿರುತ್ತಿದ್ದ. ಮೈಯೆಲ್ಲ ಕಪ್ಪು, ಬಾಲ ಸೀಳು, ಗಾತ್ರ ಒಂದು ಹಿಡಿ. ಧೈರ್ಯ ಮಾತ್ರ, ಅಬ್ಬಬ್ಬಾ! ಹರೆಯದಲ್ಲಿ ಗಿಡುಗನನ್ನೇ ಅಟ್ಟಾಡಿಸಿದವನು ಅವನು. ಎತ್ತರಕ್ಕೇರಿ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ರೊಯ್ಯನೆ ಇಳಿದು ಅದರ ಕತ್ತಿಗೆ ಕುಕ್ಕುತ್ತಿದ್ದ. ಬಿಸಿಲಿಗೆ ಕಣ್ಣು ಕುಕ್ಕಿದ ಗಿಡುಗನಿಗೆ ಹೊಡೆದವರು ಯಾರೆಂದೇ ತಿಳಿಯುತ್ತಿರಲಿಲ್ಲ. ಮೊದಲು ಒಂದು ಕೊಂಬೆ ಕಾದ, ಆಮೇಲೆ ಇಡೀ ಮರ ಕಾದ. ಕೊನೆಗೆ ಪುಟ್ಟ ಹಕ್ಕಿಗಳೆಲ್ಲ ಸೇರಿ ಅವನನ್ನೇ ದಂಡನಾಯಕ ಮಾಡಿದವು.

ದಂಡನಾಯಕನಾದವನು ಮರ ಬಿಟ್ಟು ಹೋಗುವಂತಿಲ್ಲ. ತುದಿಯಲ್ಲಿ ಕೂತು, ಯಾರು ಎತ್ತ ಹಾರಬೇಕೆಂದು ಕೂಗಿ ಹೇಳಬೇಕು. ಆ ಮರದ ಕಟ್ಟಳೆಯೇ ಹಾಗೆ. ಪಾಪ, ಬಿರುಸಣ್ಣನಿಗೆ ರೆಕ್ಕೆ ತುರಿಸುತ್ತಿತ್ತು!

ಅದೇ ಕಾಡಿನಲ್ಲಿ ಒಂದು ಕಾಗೆಯಿತ್ತು. ಗೋಣಿಮರದಲ್ಲಿ ಎಲ್ಲರೂ ಅತ್ತೆ ಎಂದು ಕರೆಯುವ ಪಿಕಳಾರ ಹಕ್ಕಿಯ ಗೂಡಿತ್ತು, ಅದರಲ್ಲಿ ಇನ್ನೂ ಕಣ್ಣುಬಿಡದ ಮರಿಗಳಿದ್ದವು. ಅವನ್ನು ನೆನೆದರೆ ಕಾಗೆಯ ಬಾಯಲ್ಲಿ ನೀರು. ಅದು ಗಿಡುಗನ ಕಿವಿ ಕಚ್ಚಿತು: "ನೀನು ಕೆರೆಯ ಮೇಲೆ ಸುತ್ತುಹಾಕು. ಆ ಮುದುಕ ದಂಡನಾಯಕನಿಗೆ ರೋಷ ಜಾಸ್ತಿ, ಓಡಿ ಬರ್ತಾನೆ. ಅಷ್ಟರಲ್ಲಿ ಮರಿಗಳು ನಮ್ಮವು. ಅರ್ಧ ನಿನಗೆ."

ಬೆಳಿಗ್ಗೆ ಗಿಡುಗ ಕೆರೆಯ ಮೇಲೆ ಕಾಣಿಸಿತು. ಕಾಗೆ ಏದುಸಿರು ಬಿಡುತ್ತ ಬಂದಿತು.

"ದಂಡನಾಯಕರೇ, ನಿಮಗೆ ವಯಸ್ಸಾಯ್ತು ಅಂತ ಆ ಗಿಡುಗ ನಗ್ತಾ ಇದೆ. ನನಗೇ ಹೊಟ್ಟೆ ಉರೀತು. ಒಂದು ಕೈ ನೋಡ್ಕೊಳ್ಳಿ!"

ಬಿರುಸಣ್ಣನ ರೆಕ್ಕೆ ತಾನಾಗಿಯೇ ಬಿಚ್ಚಿಕೊಂಡಿತು. ಆದರೆ ಹಿಂದೊಮ್ಮೆ ಹೀಗೆಯೇ ಗಿಡುಗನ ಬೆನ್ನಟ್ಟಿ ಕೆರೆ ದಾಟಿದ್ದ. ಗೆದ್ದು ಬಂದಾಗ ಇಲ್ಲೊಂದು ಗೂಡು ಬರಿದಾಗಿತ್ತು. ಆ ತಾಯಿ ಅತ್ತದ್ದು ಅವನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಅವನು ರೆಕ್ಕೆ ಮಡಚಿಕೊಂಡ.

"ಮಿಂಚಿ, ನೀನು ಹೋಗು," ಎಂದು ಎಳೆಯ ಕಾಜಾಣವೊಂದನ್ನು ಕರೆದ.

ಮಿಂಚಿ ಹಿಂದೆ ಸರಿದಳು. "ಅಯ್ಯೋ, ನಾನೊಬ್ಬಳೇನಾ? ನೀವೂ ಬನ್ನಿ ಅಣ್ಣಾ."

"ಎತ್ತರಕ್ಕೇರು. ಸೂರ್ಯ ನಿನ್ನ ಬೆನ್ನಿಗಿರಲಿ. ಕೊಕ್ಕಿನ ಹತ್ತಿರ ಸುಳೀಬೇಡ, ಕೆರೆ ದಾಟಬೇಡ. ನಿನ್ನ ಕೈಲಿ ಆಗುತ್ತೆ, ಹೋಗಮ್ಮ."

ಮಿಂಚಿ ಹಾರಿದಳು. ಪಿಕಳಾರ ಅತ್ತೆಗೆ ರೇಗಿತು. "ಏನಪ್ಪಾ, ಮಗೂನ ಮುಂದೆ ತಳ್ಳಿ ನೀನು ಇಲ್ಲಿ ಕೂತ್ಯಾ? ಹೆದರಿದೆಯೇನು?"

ಬಿರುಸಣ್ಣನಿಗೆ ಎದೆಗೆ ಚುಚ್ಚಿದಂತಾಯಿತು. ಆದರೂ ಕದಲಲಿಲ್ಲ.

ಹಕ್ಕಿಗಳೆಲ್ಲ ಬಾಯಿ ತೆರೆದು ಆಕಾಶ ನೋಡುತ್ತಿದ್ದವು. ಅತ್ತೆಯೂ ಗೂಡು ಬಿಟ್ಟು ಮೇಲಿನ ಕೊಂಬೆಗೆ ಬಂದಿದ್ದಳು. ಕಾಗೆ ಎಲೆಗಳ ಮರೆಯಲ್ಲಿ ಮೆಲ್ಲಗೆ ಗೂಡಿನತ್ತ ಸರಿಯಿತು. ಹಕ್ಕಿಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕಕ್ಕೆ ತಾನೆ? ಬಿರುಸಣ್ಣ ಒಂದು ಕಣ್ಣನ್ನು ಮಿಂಚಿಯ ಮೇಲಿಟ್ಟಿದ್ದ, ಇನ್ನೊಂದನ್ನು ಗೂಡಿನ ಮೇಲೆ. ತಾನೂ ಹಕ್ಕಿಯಾಗಿದ್ದೂ ಕಾಗೆ ಇದನ್ನು ಮರೆತಿತ್ತು, ದಡ್ಡಮುಂಡೇದು!

ಅದು ಗೂಡಿಗೆ ಕೊಕ್ಕು ಹಾಕುವುದಕ್ಕೂ ನೆತ್ತಿಯ ಮೇಲೆ ಬಿರುಸಣ್ಣನ ಪೆಟ್ಟು ಬೀಳುವುದಕ್ಕೂ ಸರಿಹೋಯಿತು. "ಸತ್ತೆ!" ಎಂದು ಚೀರುತ್ತ ಕಾಗೆ ಕೆರೆಯತ್ತ ಹಾರಿತು. ಅಲ್ಲಿ ಮಿಂಚಿಯಿಂದ ಕತ್ತಿಗೆ ಕುಕ್ಕಿಸಿಕೊಂಡ ಗಿಡುಗ ಉರಿಯುತ್ತಿತ್ತು. "ಮುದುಕ ಬರ್ತಾನೆ ಅಂದೆ, ಈ ಕಿಚ್ಚಿನ ಮರಿಯ ಕೈಗೆ ಸಿಕ್ಕಿಸಿದೆಯಲ್ಲೋ!" ಎಂದು ಕಾಗೆಯ ಪುಕ್ಕವನ್ನೆಲ್ಲ ಕಿತ್ತು ಹಾರಿಹೋಯಿತು. ಬೋಳು ಕಾಗೆ ಆ ದಂಡೆಗೆ ಮತ್ತೆ ಬರಲಿಲ್ಲ.

ಮಿಂಚಿ ಕುಣಿಯುತ್ತ ಬಂದಳು. ಪಿಕಳಾರ ಅತ್ತೆ ಮರಿಗಳನ್ನು ತಬ್ಬಿಕೊಂಡು ಅತ್ತಳು. "ತಪ್ಪಾಯ್ತು ಕಣಪ್ಪಾ. ಎಂಥ ಏಟು ಕೊಟ್ಟೆ ಆ ಕಾಗೆಗೆ!"

"ಕಾಗೆಗೆ ಹೊಡೆಯೋದೇನು ಮಹಾ ಅತ್ತೆ?" ಎಂದ ಬಿರುಸಣ್ಣ. "ಈ ಹುಡುಗೀನ ಕಳಿಸಿ ಇಲ್ಲಿ ಕೂತಿದ್ದೆನಲ್ಲ, ಅಷ್ಟು ಕಷ್ಟದ ಕೆಲಸ ನಾನು ಯಾವತ್ತೂ ಮಾಡಿರಲಿಲ್ಲ."

ನೀತಿ: ಯಾರೋ ಕೆಣಕಿದರೆಂದು ಕಾವಲು ಬಿಟ್ಟು ಓಡಬಾರದು. ತನ್ನ ಹೆಸರಿಗಿಂತ ತನ್ನನ್ನು ನಂಬಿದವರ ಜೀವ ದೊಡ್ಡದೆಂದು ತಿಳಿದವನೇ ನಿಜವಾದ ನಾಯಕ.