ನೀರು ಹಾಕಿದ ಮೇಲೆ

“ಕೇಳ್ರಪ್ಪೋ ಕೇಳಿ! ಅರಸು ಮಗಳು ಹೊನ್ನಾಂಬೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!” ಎಂದು ವೀರಶೇಖರ ರಾಜ ಊರೂರಲ್ಲಿ ಡಂಗುರ ಹೊಡೆಸಿದ.

ಯಾಕೆ ಅಂತೀರಾ? ಹಿಂದಿನ ಮಾಗಿಯಲ್ಲಿ ರಾಜ್ಯದ ಮಕ್ಕಳಿಗೆಲ್ಲ ಒಂದು ಅಂಟುಜ್ವರ ಬಂದು ಹೋಗಿತ್ತು. ಜ್ವರ ಬಿಟ್ಟ ಒಂಬತ್ತನೇ ದಿನ ಬೇವಿನಸೊಪ್ಪಿನ ನೀರು ಹಾಕಿದರೆ ಮಗು ವಾಸಿಯಾಯಿತೆಂದೇ ಅಲ್ಲಿನ ನಂಬಿಕೆ. ಆಮೇಲೆ ಕಾಯಿಲೆಯ ಮಾತೆತ್ತುವುದೇ ಅಪಶಕುನ. ಹತ್ತು ವರ್ಷದ ಹೊನ್ನಾಂಬೆಗೂ ನೀರು ಹಾಕಿದರು. ಎಂಟು ತಿಂಗಳಾದರೂ ಅವಳಿಗೆ ತಲೆನೋವು, ಎದೆ ಡವಡವ, ಓದಿದ್ದೊಂದೂ ನೆನಪಿಲ್ಲ. ವೈದ್ಯರು ನಾಡಿ ಹಿಡಿದು ಏನೂ ಇಲ್ಲ ಅಂದರು, ಗುರುಗಳು ಸೋಮಾರಿತನ ಅಂದರು, ಅಪ್ಪ ಗದರಿದ. ಹೇಳಿ ಹೇಳಿ ಬೇಸತ್ತ ಹುಡುಗಿ ಮೂರು ಒಗಟು ಕಟ್ಟಿ, ಅವನ್ನು ಬಿಡಿಸುವವರು ಬರುವವರೆಗೆ ಬೇರೆ ಮಾತೇ ಆಡುವುದಿಲ್ಲ ಎಂದು ಕೂತಳು. ತಲೆ ತೆಗೆಯುವ ಮಾತು ಮಾತ್ರ ಅಪ್ಪನದು. ಸಿಟ್ಟಿಗೆ ಬುದ್ಧಿ ಎಲ್ಲಿರುತ್ತದೆ!

ಮೂವರು ಪಂಡಿತರು ಬಂದರು. ಮೊದಲನೇ ಒಗಟಿಗೇ ಒಬ್ಬ ಗಾಳಿ ಅಂದ, ಇನ್ನೊಬ್ಬ ಮಾಯೆ ಅಂದ. ಮೂರನೆಯವನು ಪರಬ್ರಹ್ಮವೆಂದು ಅರ್ಧ ದಿನ ಕೊರೆದ. ಹುಣ್ಣಿಮೆಗೆ ಶಿರಚ್ಛೇದ ಎಂದು ಮೂವರನ್ನೂ ಸೆರೆಮನೆಗೆ ತಳ್ಳಿದರು.

ನಾಲ್ಕನೆಯವನು ಮಡಿವಾಳರ ಮಾಚ. ಅವನ ತಂಗಿ ನಿಂಗಿಗೂ ಅದೇ ಜ್ವರ ಬಂದು ಹೋಗಿತ್ತು.

ಹೊನ್ನಾಂಬೆ ಕೇಳಿದಳು: “ನೆಂಟ ಹೊರಟ, ಎಲ್ಲರೂ ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಆದರೂ ಮನೆಯೊಳಗೆ ಅವನದೇ ದರ್ಬಾರು. ಯಾರವನು?”

“ಜ್ವರ, ಅಮ್ಮಣ್ಣಿ. ಮೈ ತಣ್ಣಗಾಯಿತು, ಸುಸ್ತು ಹೋಗಲಿಲ್ಲ.”

ಹುಡುಗಿ ನೆಟ್ಟಗೆ ಕೂತಳು. “ನಿನ್ನೆ ಹತ್ತೇ ಮೆಟ್ಟಿಲಿದ್ದವು, ಇವತ್ತು ನೂರಾಗಿವೆ. ಕಲ್ಲುಕುಟಿಗ ಬಂದಿಲ್ಲ. ಕಟ್ಟಿದವರು ಯಾರು?”

“ನಿನ್ನೆ ಆಡಿದ ಆಟ. ನನ್ನ ತಂಗಿ ಒಂದು ದಿನ ಕುಂಟೆಬಿಲ್ಲೆ ಆಡಿದರೆ ಮೂರು ದಿನ ಏಳುವುದಿಲ್ಲ. ನಿನ್ನೆ ಕುಣಿದವಳಿಗೆ ಇವತ್ತೇನು ರೋಗ ಅಂತ ನಾನೇ ಅವಳಿಗೆ ಹೊಡೆದಿದ್ದೆ.”

ಹುಡುಗಿ ಮೂರನೆಯದನ್ನು ಕೇಳಿದಳು: “ಎಲ್ಲರೂ ನನ್ನನ್ನು ನೋಡುತ್ತಾರೆ, ಅದು ಕಾಣುವುದಿಲ್ಲ. ದಿನಾ ಹೇಳುತ್ತಿದ್ದೆ, ಯಾರಿಗೂ ಕೇಳಲಿಲ್ಲ. ಅದೇನು?”

ಮಾಚ ರಾಜನ ಮುಖ ನೋಡಿದ. ಅರಮನೆಯಲ್ಲಿ ಆ ಅಪಶಕುನ ನುಡಿದರೆ ಉತ್ತರ ಸರಿಯಿದ್ದರೂ ತಲೆ ಹೋದೀತು. ಆದರೂ ಅಂದ: “ಅಮ್ಮಣ್ಣಿಗೆ ಇನ್ನೂ ವಾಸಿಯಾಗಿಲ್ಲ, ಬುದ್ಧಿ.”

“ಹೌದು,” ಎಂದು ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

ಹಾಗಾದರೆ ಮದ್ದೇನು ಎಂದು ರಾಜ ಗುಡುಗಿದ. ತನಗೆ ಗೊತ್ತಿಲ್ಲವೆಂದ ಮಾಚ. ಆಗುವ ದಿನ ನಿಂಗಿಯನ್ನು ಒಂದಿಷ್ಟು ಆಡಲು ಬಿಡುತ್ತೇವೆ, ಆಗದ ದಿನ ಮಲಗಲು ಬಿಡುತ್ತೇವೆ, ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದಾಳೆ ಎಂದ. ಇಷ್ಟೇನಾ ಎಂದು ರಾಜ ಕೈ ಹಿಸುಕಿಕೊಂಡ. ಇಷ್ಟೇ. ಇಷ್ಟು ತಿಳಿಯಲು ಆನೆ ಕುದುರೆ ಇದ್ದವನಿಗೆ ಎಂಟು ತಿಂಗಳು ಬೇಕಾಯಿತು, ಏನನ್ನೋಣ!

ಕೇಳಿದ್ದು ಕೊಡುವ ಮಾತಿತ್ತಲ್ಲ, ಮಾಚ ಮೊದಲು ಪಂಡಿತರ ತಲೆ ಉಳಿಸಬೇಕೆಂದು ಬೇಡಿದ. ಆಮೇಲೆ, ಮಗುವೇ ವಾಸಿ ಅನ್ನುವವರೆಗೆ ಯಾರೂ ಹಾಗನ್ನಬಾರದೆಂಬ ಅಪ್ಪಣೆ ಕೇಳಿದ. ರಾಜ ಎರಡಕ್ಕೂ ಒಪ್ಪಿ, ಮೇಲೆ ಹೊಳೆದಂಡೆಯ ಹೊಲವನ್ನೂ ಕೊಟ್ಟ.

ಮರುದಿನ ಬೆಳಿಗ್ಗೆ ರಾಜ ಮಗಳ ಮಂಚದ ಮೇಲೆ ಕೂತು, ಎಂಟು ತಿಂಗಳಲ್ಲಿ ಮೊದಲ ಸಲ ಕೇಳಿದ: “ಇವತ್ತು ಹೇಗಿದೆ ಮಗಳೇ?”

“ಆಗ್ತಿಲ್ಲಪ್ಪ.”

“ಸರಿ, ಮಲಗಮ್ಮ,” ಎಂದು ಹೊದಿಕೆ ಎಳೆದು ಹೊದಿಸಿದ.